ವಿಜಯಪುರದ ಕರೆಂಟ್ ಬಿಲ್ಲಿನ ಹಿಂದಿನ ಗಡಿಗಳು

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದಾಗ ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಸಂಸ್ಥಾನದ ತಂತಿಗೂ ಅದಕ್ಕೂ ನಂಟಿರಲಿಲ್ಲ. ಏಕೀಕರಣದ ಮರುವರ್ಷ, 1957ರಲ್ಲಿ, ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. 2002ರಿಂದ ಬಿಲ್ಲಿನ ಮೇಲೆ ಹುಬ್ಬಳ್ಳಿಯ ವಿತರಣಾ ಕಂಪನಿ ಹೆಸ್ಕಾಂ ಹೆಸರಿದೆ; ಜನರ ಬಾಯಲ್ಲಿ ಮಾತ್ರ ಅದು ಇನ್ನೂ ಹಳೆಯ ಮಂಡಳಿಯ ಹೆಸರಿನ ಕೆಇಬಿ.

ಊರಿನಿಂದ ಊರಿಗೆ ವಿತರಣಾ ಕಂಪನಿಗಳು ಬೇರೆಯಾದರೂ ಮನೆಬಳಕೆಯ ದರ ನಿಗದಿಪಡಿಸುವುದು ರಾಜ್ಯದ ಒಂದೇ ವಿದ್ಯುತ್ ನಿಯಂತ್ರಣ ಆಯೋಗ. ಹಾಗಾಗಿ ಬೆಂಗಳೂರಿಗೂ ವಿಜಯಪುರಕ್ಕೂ ದೊಡ್ಡ ಅಂತರ ಬೆಳೆಯಲಿಲ್ಲ. ಅಂತರ ಇದ್ದದ್ದು ಜಿಲ್ಲೆಯೊಳಗೇ. ನಗರಕ್ಕೆ ಒಂದು ದರ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗಳಿಗೆ ಕೆಲವು ಪೈಸೆ ಕಡಿಮೆಯ ಇನ್ನೊಂದು ದರ ಎಂಬ ಪದ್ಧತಿ ಬಹುಕಾಲ ನಡೆಯಿತು. ಜಿಲ್ಲೆಯ ತಿಕೋಟಾ, ಬಬಲೇಶ್ವರಗಳು ತಾಲ್ಲೂಕು ಕೇಂದ್ರಗಳಾಗುವ ಮುನ್ನ ಈ ಎರಡನೆಯ ಸಾಲಿನಲ್ಲಿದ್ದವು.

ಆದರೆ ಆ ರಿಯಾಯಿತಿಗೆ ಸಿಗುತ್ತಿದ್ದ ಕರೆಂಟು ಎಂಥದ್ದು? ಪಂಪ್‌ಸೆಟ್ಟಿಗೂ ಮನೆಗೂ ಒಂದೇ ಫೀಡರ್ ಇದ್ದ ಕಾಲದಲ್ಲಿ ತ್ರೀಫೇಸ್ ತೆಗೆದರೆಂದರೆ ಊರಿನ ದೀಪವೂ ಮಂಕು. ನಿರಂತರ ಜ್ಯೋತಿ ಯೋಜನೆ ಊರಿನ ತಂತಿಯನ್ನು ಹೊಲದ ತಂತಿಯಿಂದ ಬೇರ್ಪಡಿಸಿದ್ದು ದೊಡ್ಡ ಉಪಕಾರ. ದ್ರಾಕ್ಷಿ, ದಾಳಿಂಬೆ ನಂಬಿ ತೋಟದ ವಸ್ತಿಯಲ್ಲೇ ಬದುಕುವ ಕುಟುಂಬಗಳು ಮಾತ್ರ ಹೊಲದ ತಂತಿಯಲ್ಲೇ ಉಳಿದವು. ಮಕ್ಕಳು ಓದುವ ಹೊತ್ತಿಗೆ ಸಿಂಗಲ್ ಫೇಸ್ ಬಂದೀತೇ ಎಂಬುದೇ ಅಲ್ಲಿನವರಿಗೆ ದರಕ್ಕಿಂತ ದೊಡ್ಡ ಚಿಂತೆ. ಈ ಅನಿಶ್ಚಿತತೆಯನ್ನು ದರಪಟ್ಟಿ ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿಯಬೇಕಿತ್ತು.

ಇದೇ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಸ್ಥಾವರ ಸಮೀಪವಿದ್ದ ಮಾತ್ರಕ್ಕೆ ಯೂನಿಟ್ಟಿನ ಬೆಲೆ ಇಳಿಯುವುದಿಲ್ಲ. ಬೆಲೆ ನಿರ್ಧರಿಸುವುದು ಆಡಳಿತದ ಗಡಿ. ತಿಕೋಟಾದಿಂದ ಪಶ್ಚಿಮಕ್ಕೆ ಹೋಗಿ ರಾಜ್ಯ ದಾಟಿದರೆ ಸಿಗುವ ಜತ್ತ ತಾಲ್ಲೂಕಿನಲ್ಲೂ ಕನ್ನಡದ ಮನೆಗಳಿವೆ. ಅಲ್ಲಿ ಮಹಾರಾಷ್ಟ್ರದ ದರಪಟ್ಟಿ. ತಿಂಗಳಿಗೆ 100 ಯೂನಿಟ್ ಮೀರಿದರೆ, ಮೀರಿದ ಯೂನಿಟ್ಟುಗಳ ಬೆಲೆ ಏಕಾಏಕಿ ಮೇಲೇರುತ್ತದೆ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಲ್ಲಿ ಸ್ಲ್ಯಾಬ್ ತೆಗೆದು, ಎಲ್ಲ ಯೂನಿಟ್ಟಿಗೂ 5.90 ರೂಪಾಯಿ ಎಂದು ಗೊತ್ತುಮಾಡಲಾಯಿತು.

ಅದಕ್ಕೂ ಮೊದಲು, 2023ರ ಆಗಸ್ಟ್‌ನಲ್ಲಿ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಿತ್ತು. 200 ಯೂನಿಟ್ ಒಳಗೆ ಉಚಿತ ಎಂದರೂ ಪ್ರತಿ ಮನೆಯ ಪಾಲು ಅದರ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ಕರೆಂಟೇ ಕಡಿಮೆ ಸಿಕ್ಕ ಮನೆಯ ಸರಾಸರಿಯೂ ಕಡಿಮೆ, ಉಚಿತದ ಪಾಲೂ ಕಡಿಮೆ. 2024ರ ಜನವರಿಯಲ್ಲಿ ಸರ್ಕಾರ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚುವರಿ ಕೊಡಲು ತೀರ್ಮಾನಿಸಿತು.