ಡೈ ಕೊರೆಯುವ ಮೊದಲೇ ಬಿರುಕು ಕಾಣುವ ಬಗೆ

ಕಾರಿನ ಬಾಗಿಲಿನ ಹೊರಮೈ ಸುಮಾರು 0.7 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಪ್ರೆಸ್‌ನಲ್ಲಿ ಬ್ಲ್ಯಾಂಕ್ ಹೋಲ್ಡರ್ ಅದರ ಅಂಚನ್ನು ಅದುಮಿ ಹಿಡಿಯುತ್ತದೆ, ಪಂಚ್ ಅದನ್ನು ಡೈ ಎಂಬ ಅಚ್ಚಿನೊಳಗೆ ಎಳೆಯುತ್ತದೆ. ಹಿಡಿತ ಬಿಗಿಯಾದರೆ ತಗಡು ಬಿರಿಯುತ್ತದೆ, ಸಡಿಲವಾದರೆ ನಿರಿಗೆ ಬೀಳುತ್ತದೆ. ಇವೆರಡರ ನಡುವಿನ ದಾರಿಯನ್ನು ಹಿಂದೆ ನುರಿತ ಡೈ ಕೆಲಸಗಾರರು ಕೈಯಾರೆ ಹುಡುಕುತ್ತಿದ್ದರು: ಡೈ ಮಾಡಿ ಒತ್ತುವುದು, ಬಿರುಕು ಕಂಡಲ್ಲಿ ಮೂಲೆಯನ್ನು ಉಜ್ಜುವುದು, ಹೆಚ್ಚು ತೆಗೆದಿದ್ದರೆ ವೆಲ್ಡ್ ತುಂಬುವುದು, ಮತ್ತೆ ಒತ್ತುವುದು. ವಾರಗಟ್ಟಲೆ ಹಿಡಿಯುವ ಈ ಟ್ರಯಲ್‌ಗಳಲ್ಲಿ ಹೆಚ್ಚಿನವು ಈಗ ಕಂಪ್ಯೂಟರಿನೊಳಗೇ ಮುಗಿಯುತ್ತವೆ.

ಲೆಕ್ಕ ನಡೆಯುವ ರೀತಿ

ತಗಡನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಭಾಗಿಸಿ, ಪ್ರತಿ ತುಂಡೂ ಎಷ್ಟು ಹಿಗ್ಗಿತು, ಎಷ್ಟು ತೆಳುವಾಯಿತು ಎಂದು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂದು 1960ರಲ್ಲಿ ಹೆಸರಿಟ್ಟವರು ಎಂಜಿನಿಯರ್ ರೇ ಕ್ಲಫ್. 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದ ಡೈನಾ3ಡಿ ಎಂಬ ಪ್ರೋಗ್ರಾಂ ಬಾಂಬು ನೆಲಕ್ಕೆ ಅಪ್ಪಳಿಸಿದಾಗ ಏನಾಗುತ್ತದೆಂದು ತಿಳಿಯಲು ಹುಟ್ಟಿದ್ದು. ಅದೇ ಮುಂದೆ ಎಲ್‌ಎಸ್-ಡೈನಾ ಆಗಿ ಕಾರು ಡಿಕ್ಕಿಯ ಪರೀಕ್ಷೆಗೂ ಪ್ರೆಸ್ ಕಾರ್ಖಾನೆಗೂ ಬಂತು.

ಇಂಥ ಲೆಕ್ಕದಲ್ಲಿ ಒಂದು ಹೆಜ್ಜೆಯ ಕಾಲಾವಧಿ, ಶಬ್ದ ಒಂದು ತುಂಡನ್ನು ದಾಟುವ ಸಮಯಕ್ಕಿಂತ ಹೆಚ್ಚಿರುವಂತಿಲ್ಲ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ತುಂಡು 1 ಮಿಲಿಮೀಟರ್ ಇದ್ದರೆ, ಪ್ರೆಸ್‌ನ ಒಂದು ಸೆಕೆಂಡಿನ ಚಲನೆಗೆ 50 ಲಕ್ಷ ಹೆಜ್ಜೆ ಬೇಕು. ಹೆಜ್ಜೆಗಳನ್ನು ಕಡಿಮೆ ಮಾಡಲು, ಲೆಕ್ಕದಲ್ಲಿ ಪಂಚ್ ನಿಜಕ್ಕಿಂತ ವೇಗವಾಗಿ ಇಳಿಯುವಂತೆಯೋ ತಗಡು ನಿಜಕ್ಕಿಂತ ಭಾರವಾಗಿರುವಂತೆಯೋ ಮಾಡುತ್ತಾರೆ. ಇದು ಮಿತಿಮೀರಿದರೆ ವಾಸ್ತವದಲ್ಲಿಲ್ಲದ ಜಡತ್ವದ ಬಲಗಳು ನುಸುಳಿ ಉತ್ತರ ಕೆಡುತ್ತದೆ. ಪರದೆಯ ಮೇಲಿನ ಬಣ್ಣದ ಚಿತ್ರ ಮಾತ್ರ ಆಗಲೂ ಅಷ್ಟೇ ಅಂದವಾಗಿರುತ್ತದೆ.

ಬಿರುಕಿನ ಗಡಿ

1960ರ ದಶಕದಲ್ಲಿ ಸಂಶೋಧಕರಾದ ಕೀಲರ್ ಮತ್ತು ಗುಡ್‌ವಿನ್ ರೂಪಿಸಿದ ನಕ್ಷೆಯೇ ಇಂದಿಗೂ ಇಲ್ಲಿ ಆಧಾರ. ತಗಡಿನ ಮೇಲೆ ಪುಟ್ಟ ವೃತ್ತಗಳನ್ನು ಮೂಡಿಸಿ ಒತ್ತಿದರೆ ಅವು ಅಂಡಾಕಾರವಾಗುತ್ತವೆ. ಉದ್ದಕ್ಕೂ ಅಡ್ಡಕ್ಕೂ ಆದ ಬದಲಾವಣೆಯನ್ನು ಅಳೆದು, ಯಾವ ಹಂತದಲ್ಲಿ ತಗಡು ಸೊರಗಿ ಬಿರಿಯುತ್ತದೆಂಬ ಗೆರೆ ಎಳೆಯುತ್ತಾರೆ. ಕಂಪ್ಯೂಟರಿನ ಲೆಕ್ಕ, ಅಂದರೆ ಸಿಮ್ಯುಲೇಶನ್, ಪ್ರತಿ ತುಂಡನ್ನೂ ಈ ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಇಡುತ್ತದೆ. ಚುಕ್ಕೆಗಳು ಗೆರೆ ದಾಟಿದರೆ ಡೈ ಮೂಲೆಯ ದುಂಡು, ಬ್ಲ್ಯಾಂಕ್‌ನ (ಒತ್ತಲು ಕತ್ತರಿಸಿಟ್ಟ ತಗಡಿನ) ಆಕಾರ, ತಗಡು ಒಳಸರಿಯುವುದನ್ನು ತಡೆಯುವ ಏಣಾದ ಡ್ರಾ ಬೀಡ್‌ನ ಎತ್ತರ, ಹೋಲ್ಡರ್‌ನ ಬಲ ಬದಲಿಸಿ ಮತ್ತೆ ನೋಡಬಹುದು. ಆದರೆ ಈ ಗೆರೆ ಮೊದಲಿನಿಂದ ಕೊನೆಯವರೆಗೆ ದಿಕ್ಕು ಬದಲಿಸದೆ ನಡೆಯುವ ಹಿಗ್ಗುವಿಕೆಗೆ ಹೊಂದುವಂಥದ್ದು. ಎರಡು ಮೂರು ಹಂತಗಳಲ್ಲಿ ಒತ್ತುವ ಭಾಗಗಳಲ್ಲಿ ಇದನ್ನು ಕುರುಡಾಗಿ ನಂಬುವಂತಿಲ್ಲ.

ಸ್ಪ್ರಿಂಗ್‌ಬ್ಯಾಕ್

ಪ್ರೆಸ್ ತೆರೆದೊಡನೆ ತಗಡು ಕೊಂಚ ಹಿಂದಕ್ಕೆ ಸೆಟೆಯುತ್ತದೆ. ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿಗೆ ಸುಮಾರು 210 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 70. ಲೋಹದ ಗಟ್ಟಿತನ ಒಂದೇ ಆದರೂ ಅಲ್ಯೂಮಿನಿಯಂ ತಗಡು ಸುಮಾರು ಮೂರು ಪಟ್ಟು ಸೆಟೆಯುವುದು ಇದರಿಂದ. ಪರಿಹಾರವೆಂದರೆ ಡೈಯನ್ನೇ ವಿರುದ್ಧ ದಿಕ್ಕಿಗೆ ಅಷ್ಟು ತಿರುಚಿ ಕೊರೆಯುವುದು. ಎಷ್ಟು ಎಂಬುದೇ ಇಡೀ ಕ್ಷೇತ್ರದ ಕಠಿಣ ಪ್ರಶ್ನೆ. ಡ್ರಾ ಬೀಡ್ ಮೇಲೆ ಬಾಗಿ ಮತ್ತೆ ನೆಟ್ಟಗಾಗುವ ಲೋಹ ಎರಡನೇ ಸಲ ಬೇಗ ಮಣಿಯುತ್ತದೆ. ಬೌಶಿಂಗರ್ ಪರಿಣಾಮವೆಂಬ ಇದನ್ನು ಬಿಟ್ಟ ಲೆಕ್ಕ ಸ್ಪ್ರಿಂಗ್‌ಬ್ಯಾಕ್‌ನಲ್ಲಿ ಎಡವುತ್ತದೆ.

ಲೋಹದ ಗುಣ, ಘರ್ಷಣೆ, ಅಳತೆ

ರೋಲಿಂಗ್ ಮಾಡಿದ ತಗಡು ಎಲ್ಲ ದಿಕ್ಕಿಗೂ ಒಂದೇ ರೀತಿ ಹಿಗ್ಗುವುದಿಲ್ಲ. ಗಣಿತಜ್ಞ ರಾಡ್ನಿ ಹಿಲ್ 1948ರಲ್ಲೇ ಇದಕ್ಕೆ ಗಣಿತ ಕೊಟ್ಟರು. ಅದನ್ನು ಬಳಸಲು 0, 45, 90 ಡಿಗ್ರಿ ದಿಕ್ಕುಗಳಲ್ಲಿ ಕತ್ತರಿಸಿದ ಪಟ್ಟಿಗಳನ್ನು ಎಳೆದು ಪರೀಕ್ಷಿಸಬೇಕು. ದುಬಾರಿ ಸಾಫ್ಟ್‌ವೇರ್ ಕೊಂಡು, ಲೋಹದ ಗುಣಗಳನ್ನು ಪಠ್ಯಪುಸ್ತಕದ ಕೋಷ್ಟಕದಿಂದ ತುಂಬುವುದು ನನ್ನ ದೃಷ್ಟಿಯಲ್ಲಿ ಹಣ ಪೋಲು. ಬೆಂಗಳೂರಿನ ಪೀಣ್ಯದಂಥ ಕಡೆಯ ಸಣ್ಣ ಪ್ರೆಸ್ ಘಟಕಗಳು ಸಹ ಮೊದಲು ಖರ್ಚು ಮಾಡಬೇಕಾದ್ದು ತಾವು ಬಳಸುವ ತಗಡಿನ ಸುರುಳಿಯ (ಕಾಯಿಲ್) ಪರೀಕ್ಷೆಗೇ.

 

ಲೆಕ್ಕ ಸರಿಯೇ ಎಂದು ತಿಳಿಯಲು ಸರಳ ಉಪಾಯವೊಂದಿದೆ. ಮೊದಲ ಟ್ರಯಲ್‌ನಲ್ಲಿ ಬ್ಲ್ಯಾಂಕ್‌ನ ಅಂಚು ಪ್ರತಿ ಬದಿಯಲ್ಲೂ ಎಷ್ಟು ಮಿಲಿಮೀಟರ್ ಒಳಸರಿಯಿತು ಎಂದು ಅಳೆದು ಸಿಮ್ಯುಲೇಶನ್‌ಗೆ ಹೋಲಿಸಿ. ವ್ಯತ್ಯಾಸ ಬಂದರೆ ಮೊದಲು ನೋಡಬೇಕಾದ್ದು ಘರ್ಷಣೆಯ ಅಂಕಿ. ಎಣ್ಣೆ, ಒತ್ತಡ, ಡೈಯ ಬಿಸಿಯೊಂದಿಗೆ ಬದಲಾಗುವ ಅದನ್ನು ಸಾಮಾನ್ಯವಾಗಿ ಒಂದೇ ಸ್ಥಿರ ಸಂಖ್ಯೆಯಾಗಿ ತುಂಬಿರುತ್ತಾರೆ.