ಹೋಮರನ ಕಾವ್ಯಗಳಲ್ಲಿ ದೈವಸಂಕಲ್ಪ ಮತ್ತು ಮಾನವ ಹೊಣೆ

ಗ್ರೀಕರ ದೇವತೆಗಳಿಗೆ ವಂಶಾವಳಿ ಕಟ್ಟಿ, ಅವರವರ ಅಧಿಕಾರ ಮತ್ತು ರೂಪಗಳನ್ನು ನಿರೂಪಿಸಿದವರು ಹೋಮರ್ ಮತ್ತು ಹೆಸಿಯಡ್ ಎಂದು ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಈ ಹೇಳಿಕೆಯನ್ನು ಯಥಾವತ್ತಾಗಿ ಸ್ವೀಕರಿಸಲಾಗದು. ಜ್ಯೂಸ್, ಹೇರಾ, ಪೊಸೈಡನ್ ಮೊದಲಾದ ಹೆಸರುಗಳು ಹೋಮರನಿಗಿಂತ ಹಲವು ಶತಮಾನ ಹಿಂದಿನ ಮೈಸೀನಿಯ ಕಾಲದ ಮಣ್ಣಿನ ಫಲಕಗಳಲ್ಲಿಯೇ ದೊರೆಯುತ್ತವೆಂಬುದು 1952ರಲ್ಲಿ ಮೈಕೆಲ್ ವೆಂಟ್ರಿಸ್ ಲೀನಿಯರ್ ಬಿ ಲಿಪಿಯನ್ನು ಓದಿದ ಮೇಲೆ ಖಚಿತವಾಯಿತು. ಕವಿಗಳು ದೇವತೆಗಳನ್ನು ಸೃಷ್ಟಿಸಲಿಲ್ಲ. ಊರೂರ ಆರಾಧನೆಗಳಲ್ಲಿ ಚದುರಿದ್ದ ದೈವಗಳನ್ನು ಒಲಿಂಪಸ್ ಬೆಟ್ಟದ ಮೇಲೆ ಜಗಳಗಂಟಿಯಾದ ಒಂದು ಮನೆತನವಾಗಿ ಕೂಡಿಸಿದರು.

ಈ ಮನೆತನವು ಮಾನವ ವ್ಯವಹಾರದಲ್ಲಿ ಕೈಯಾಡಿಸುವ ಬಗೆಯೇ ವಿವಾದದ ಮೂಲ. ಹೋಮರನ ಮನುಷ್ಯನಿಗೆ ಸ್ವಂತ ನಿರ್ಧಾರದ ಅರಿವೇ ಇರಲಿಲ್ಲವೆಂಬ ವಾದವನ್ನು ಜರ್ಮನ್ ವಿದ್ವಾಂಸ ಬ್ರೂನೋ ಸ್ನೆಲ್ ಮಂಡಿಸಿದನು. ಕಾವ್ಯದ ಸಾಕ್ಷ್ಯ ಇದಕ್ಕೆ ಒದಗುವುದಿಲ್ಲ. 'ಇಲಿಯಡ್'ನ ಮೊದಲ ಸಂಧಿಯಲ್ಲಿ ಅಗಮೆಮ್ನನ್‌ನನ್ನು ಕೊಲ್ಲಲೆಂದು ಅಕಿಲೀಸ್ ಖಡ್ಗ ಹಿರಿಯುತ್ತಿರುವಾಗ ಅಥೀನಾ ಹಿಂದಿನಿಂದ ಬಂದು ಅವನ ಕೂದಲನ್ನು ಹಿಡಿಯುತ್ತಾಳೆ. ಆಕೆ ಕಾಣುವುದು ಅವನೊಬ್ಬನಿಗೆ ಮಾತ್ರ. ಕೂದಲು ಹಿಡಿದವಳು ಕೈ ಕಟ್ಟುವುದಿಲ್ಲ; ತನ್ನ ಮಾತನ್ನು ಕೇಳುವೆಯಾದರೆ ಎಂದು ಕೇಳಿಕೊಳ್ಳುತ್ತಾಳೆ. ಒಪ್ಪುವ ಅಥವಾ ಧಿಕ್ಕರಿಸುವ ಅವಕಾಶ ವೀರನಲ್ಲಿಯೇ ಉಳಿಯುತ್ತದೆ.

ಹತ್ತೊಂಬತ್ತನೆಯ ಸಂಧಿಯ ಪ್ರಸಂಗ ಇನ್ನೂ ಮಹತ್ವದ್ದು. ಬ್ರೈಸೀಸಳನ್ನು ಕಸಿದುಕೊಂಡ ತಪ್ಪಿಗೆ ತಾನು ಕಾರಣನಲ್ಲ, ಜ್ಯೂಸ್, ವಿಧಿ ಮತ್ತು ಎರಿನಿಸ್ ತನ್ನ ಬುದ್ಧಿಗೆ ಮಂಕು ಕವಿಸಿದರು ಎಂದು ಅಗಮೆಮ್ನನ್ ತುಂಬಿದ ಸಭೆಯಲ್ಲಿ ಹೇಳುತ್ತಾನೆ. ನುಣುಚಿಕೊಳ್ಳುವ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ; ಏಕೆಂದರೆ ಅದೇ ಉಸಿರಿನಲ್ಲಿ ಅವನು ಅಪಾರ ಪರಿಹಾರವನ್ನೂ ಕೊಡಲೊಪ್ಪುತ್ತಾನೆ. ಈ ಪ್ರಸಂಗದಿಂದಲೇ ಇ.ಆರ್. ಡಾಡ್ಸ್ 1951ರ ತನ್ನ ಪ್ರಸಿದ್ಧ ಗ್ರಂಥವನ್ನು ಆರಂಭಿಸಿದನು. ಕಾರಣ ದೈವದ್ದು, ಋಣ ಮನುಷ್ಯನದು. ನಮ್ಮ 'ಹಣೆಬರಹ' ಎಂಬ ಪದದಿಂದ ಇದನ್ನು ಅನುವಾದಿಸುವುದು ಸರಿಯಲ್ಲವೆಂದು ನನ್ನ ಭಾವನೆ. ಹಣೆಬರಹವೆಂದವನು ದಂಡ ತೆರಲು ಮುಂದಾಗುವುದು ಅಪರೂಪ.

ದೇವತೆಗಳಿಗೂ ಮಿತಿಯುಂಟು. ಹದಿನಾರನೆಯ ಸಂಧಿಯಲ್ಲಿ ತನ್ನ ಮಗ ಸಾರ್ಪಿಡನ್ ಪೆಟ್ರೊಕ್ಲಸ್‌ನಿಂದ ಹತನಾಗುವ ಗಳಿಗೆ ಬಂದಾಗ ಅವನನ್ನು ಉಳಿಸಲೇ ಎಂದು ಜ್ಯೂಸ್ ತೊಳಲುತ್ತಾನೆ. ಹಾಗೆ ಮಾಡಿದರೆ ಉಳಿದ ದೇವತೆಗಳೂ ತಮ್ಮ ತಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಹೊರಡುವರೆಂದು ಹೇರಾ ಎಚ್ಚರಿಸುತ್ತಾಳೆ. ಅವನಿಗೆ ಶಕ್ತಿಯಿಲ್ಲವೆಂದು ಅವಳು ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಜ್ಯೂಸ್ ನೆಲದ ಮೇಲೆ ರಕ್ತದ ಹನಿಗಳನ್ನು ಸುರಿಸಿ ಸುಮ್ಮನಾಗುತ್ತಾನೆ. ನಿದ್ರೆ ಮತ್ತು ಮರಣ ಎಂಬ ಅವಳಿಗಳು ಶವವನ್ನು ಲೈಸಿಯಾಕ್ಕೆ ಒಯ್ಯುತ್ತಾರೆ. ಸಾವಿಲ್ಲದವನು ಸಾವಿನ ಮುಂದೆ ಹೀಗೆ ನಿಲ್ಲುವ ಚಿತ್ರ ಪ್ರಾಚೀನ ಸಾಹಿತ್ಯದಲ್ಲಿ ವಿರಳ. ಹೋಮರನ ದೇವತೆಗಳು ಕಳವು, ಹಾದರ, ವಂಚನೆ ಮಾಡುವವರೆಂದು ಆಕ್ಷೇಪಿಸಿದ ಜೆನೊಫನೀಸನ ಕಣ್ಣಿಗೆ ಈ ಪ್ರಸಂಗ ಬಿದ್ದಂತಿಲ್ಲ.

ಮಿಲ್ಮನ್ ಪ್ಯಾರಿ 1933–35ರಲ್ಲಿ ಯುಗೊಸ್ಲಾವಿಯದ ಗಾಯಕರನ್ನು ಧ್ವನಿಮುದ್ರಿಸಿದ ನಂತರ ಹೋಮರನ ಕಾವ್ಯಗಳನ್ನು ಮೌಖಿಕ ಪರಂಪರೆಯ ಫಲವೆಂದು ನೋಡುವುದು ರೂಢಿಯಾಯಿತು. ಈ ಚಿಂತನೆಯ ಮುಂದುವರಿಕೆಯಾಗಿಯೇ ಲೌರಿ ಹಾಂಕೊ ಮತ್ತು ಸಂಗಡಿಗರು ದಕ್ಷಿಣ ಕನ್ನಡದಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರ 15,683 ಸಾಲುಗಳು 'ಇಲಿಯಡ್'ನ ಗಾತ್ರಕ್ಕೆ ಬಹುತೇಕ ಸಮ. ಆದರೆ ಗಾತ್ರದ ಸಾಮ್ಯ ಹೆಚ್ಚಿನದೇನನ್ನೂ ಹೇಳದು. ಸಿರಿ ಜಾತ್ರೆಯಲ್ಲಿ ಕಥೆಯ ದೈವಗಳು ಹೆಂಗಸರ ಮೈಮೇಲೆ ಬಂದು ಮಾತನಾಡುತ್ತವೆ. ಗ್ರೀಕ್ ಗಾಯಕ ಮ್ಯೂಸಳನ್ನು ಆವಾಹಿಸಿದರೂ ದೇವತೆಗಳ ಕಥೆಯನ್ನು ಹೇಳುವವನಷ್ಟೇ, ದೇವತೆಯಾಗುವವನಲ್ಲ.

ಆದರೂ ಆಚರಣೆಯ ನಂಟು ಅಲ್ಲಿಯೂ ಕಡಿದಿರಲಿಲ್ಲ. ಅಥೆನ್ಸ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮಹಾ ಪ್ಯಾನಥೀನಿಯಾ ಉತ್ಸವದಲ್ಲಿ ವಾಚಕರು ಹೋಮರನ ಕಾವ್ಯಗಳನ್ನು ಸರದಿಯಂತೆ ಹಾಡುತ್ತಿದ್ದರು. ಆ ಉತ್ಸವದ ಮುಖ್ಯ ವಿಧಿ ಅಥೀನಾಳಿಗೆ ನೇಯ್ದ ಉಡುಗೆಯನ್ನು ಅರ್ಪಿಸುವುದು. 'ಇಲಿಯಡ್'ನ ಆರನೆಯ ಸಂಧಿಯಲ್ಲಿ ಟ್ರಾಯ್ ನಗರದ ಹೆಂಗಸರೂ ಇಂಥದೇ ಉಡುಗೆಯನ್ನು ಅಥೀನಾಳ ತೊಡೆಯ ಮೇಲಿರಿಸಿ ತಮ್ಮ ಊರನ್ನು ಕಾಯೆಂದು ಬೇಡುತ್ತಾರೆ. ದೇವಿ ಒಲ್ಲೆನೆಂದು ತಲೆಯಾಡಿಸುತ್ತಾಳೆ. ಅದೇ ದೇವಿಗೆ ಉಡುಗೆ ಹೊತ್ತು ತಂದ ಅಥೆನ್ಸಿನ ಜನ ಅದೇ ಉತ್ಸವದಲ್ಲಿ ಕುಳಿತು ಈ ಭಾಗವನ್ನು ಕೇಳುತ್ತಿದ್ದರು.