ನಿಮ್ಮ ಹೊಲದಡಿ ಯಾವ ಕಲ್ಲಿದೆ? ಸರ್ಕಾರದ ಭೂವಿಜ್ಞಾನ ನಕ್ಷೆ ಕಂಪ್ಯೂಟರ್‌ನಲ್ಲಿ ನೋಡೋದು ಹೀಗೆ

ಚಿತ್ರದುರ್ಗ: ಬೋರ್ ಕೊರೆಸೋ ಮುಂಚೆ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರನ್ನು ಕರೆಸ್ತೀವಿ. ಊರ ಪಕ್ಕ ಕ್ವಾರಿ ಬರುತ್ತೆ ಅಂದ್ರೆ ಅವರಿವರನ್ನು ವಿಚಾರಿಸ್ತೀವಿ. ಆದರೆ ನಮ್ಮ ನೆಲದಡಿ ಯಾವ ಕಲ್ಲಿದೆ ಅನ್ನೋದನ್ನ ಭೂವಿಜ್ಞಾನಿಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಹಳ್ಳ, ಗುಡ್ಡ ಸುತ್ತಿ ನಕ್ಷೆ ಮಾಡಿಟ್ಟಿದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಈಗ ಆ ನಕ್ಷೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ನೋಡೋಕೆ ಬೇಕಾದ ಸಾಫ್ಟ್‌ವೇರ್ ಕೂಡ ಉಚಿತ. ಎಲ್ಲಿ ಸಿಗುತ್ತೆ, ಹೇಗೆ ತೆರೆಯಬೇಕು, ಎಷ್ಟರ ಮಟ್ಟಿಗೆ ನಂಬಬೇಕು? ಇಲ್ಲಿದೆ ಮಾಹಿತಿ.

ನಕ್ಷೆ ಮಾಡಿದವರು ಯಾರು?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಶುರುವಾಗಿದ್ದು 1851ರಲ್ಲಿ. ಕೇಂದ್ರ ಕಚೇರಿ ಕೋಲ್ಕತ್ತಾ. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಭಾಗದ ಹಳೆಯ ಪದರಗಲ್ಲುಗಳಿಗೆ ಭೂವಿಜ್ಞಾನದಲ್ಲಿ ‘ಧಾರವಾಡ’ ಅಂತ ಹೆಸರು ಕೊಟ್ಟವರೂ ಅವರೇ. ಆಗ ಓಡಾಟವೆಲ್ಲ ಕುದುರೆ, ಎತ್ತಿನಗಾಡಿ, ಕಾಲ್ನಡಿಗೆಯಲ್ಲಿ. ಅಂದಿನ ಕೆಲಸದ ಮೇಲೆಯೇ ಮುಂದಿನವರು ಹೆಚ್ಚು ವಿವರದ ನಕ್ಷೆ ಕಟ್ಟಿದರು.

ನಮ್ಮ ಜಿಲ್ಲೆಯಲ್ಲಿ ಏನು ಕಾಣುತ್ತೆ?

ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೆ ಹಾದುಹೋಗುವ ಪದರಗಲ್ಲಿನ ಪಟ್ಟಿಗೆ ‘ಚಿತ್ರದುರ್ಗ ಶಿಸ್ಟ್ ಬೆಲ್ಟ್’ ಅಂತಲೇ ಹೆಸರು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಇದನ್ನು ನೋಡಬಹುದು. ಇಂಗಳದಾಳದ ತಾಮ್ರ, ಭೀಮಸಮುದ್ರ ಸುತ್ತಲಿನ ಕಬ್ಬಿಣದ ಅದಿರು ಇದೇ ಪಟ್ಟಿಯವು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕಲ್ಲು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನೊಳಗೆ ಉಕ್ಕಿ, ಅಲ್ಲೇ ತಣ್ಣಗಾದ ಲಾವಾ ಅದು. ಪೂರ್ವಕ್ಕೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ಬಹುಪಾಲು ನೈಸ್ ಮತ್ತು ಗ್ರಾನೈಟ್. ನಕ್ಷೆಯಲ್ಲಿ ಇವೆಲ್ಲ ಬೇರೆ ಬೇರೆ ಬಣ್ಣ.

ಎಲ್ಲಿ ಸಿಗುತ್ತೆ?

ಜಿಎಸ್‌ಐನ ‘ಭೂಕೋಶ್’ ಜಾಲತಾಣದಲ್ಲಿ. ಹೆಸರು, ಇಮೇಲ್ ಕೊಟ್ಟು ನೋಂದಣಿ ಮಾಡಿಕೊಳ್ಳಬೇಕು. ಆಮೇಲೆ ಯಾವ ವಿಷಯದ ನಕ್ಷೆ, ಯಾವ ಪ್ರದೇಶ ಅಂತ ಆರಿಸಿ ಡೌನ್‌ಲೋಡ್ ಮಾಡಬಹುದು. 1:50,000 ಅಳತೆಯದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಅದು ಬಿಟ್ಟರೆ 1:2,50,000 ಮತ್ತು 1:20,00,000 ಅಳತೆಯವು ಇವೆ. ಕೊನೆಯದು ಗೋಡೆಗೆ ಹಾಕೋಕೆ ಸರಿ, ಹಳ್ಳಿ ಮಟ್ಟದ ಕೆಲಸಕ್ಕೆ ಬರಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ‘ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ’ ಅಂತ ಇನ್ನೊಂದು ಪೋರ್ಟಲ್ ತೆರೆದಿದೆ. ಖನಿಜ ಪರಿಶೋಧನೆಯ ಮಾಹಿತಿ ಬೇಕಿದ್ದವರು ಅಲ್ಲೂ ಹುಡುಕಬಹುದು.

ಶೀಟ್ ನಂಬರ್ ಗೊತ್ತಿದ್ದರೆ ಕೆಲಸ ಸಲೀಸು

ಈ ನಕ್ಷೆಗಳನ್ನು ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ ನಂಬರ್ ಪ್ರಕಾರ ಜೋಡಿಸಿರುತ್ತಾರೆ. ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಎತ್ತರದ ಚೌಕಕ್ಕೆ ಒಂದು ಅಕ್ಷರ. ಅದರೊಳಗೆ 15 ಮಿನಿಟ್‌ನ 16 ಶೀಟು. ಒಂದೊಂದು ಶೀಟಿನ ಬದಿ ಸುಮಾರು 27 ಕಿ.ಮೀ. ನಮ್ಮ ಊರುಗಳು ಯಾವುದರಲ್ಲಿವೆ ನೋಡಿ:

- ಚಿತ್ರದುರ್ಗ ನಗರ: 57ಬಿ/8
- ಚಳ್ಳಕೆರೆ: 57ಬಿ/11
- ಹೊಳಲ್ಕೆರೆ: 57ಬಿ/4
- ಹಿರಿಯೂರು: 57ಸಿ/9
- ಹೊಸದುರ್ಗ: 57ಸಿ/5

ಇದು ತಾಲ್ಲೂಕು ಕೇಂದ್ರದ ಲೆಕ್ಕ. ನಿಮ್ಮ ಹಳ್ಳಿ ಪಕ್ಕದ ಶೀಟಿಗೆ ಸೇರಿರಬಹುದು. ಮೊಬೈಲ್ ಮ್ಯಾಪ್‌ನಲ್ಲಿ ಹಳ್ಳಿಯ ಅಕ್ಷಾಂಶ, ರೇಖಾಂಶ ನೋಡಿ ಖಚಿತ ಮಾಡ್ಕೊಳ್ಳಿ.

ಕ್ಯೂಜಿಐಎಸ್‌ನಲ್ಲಿ ತೆರೆಯೋದು ಹೇಗೆ?

ನಕ್ಷೆಯ ಮೇಲೆ ನಕ್ಷೆ ಇಟ್ಟು ನೋಡುವ ಸಾಫ್ಟ್‌ವೇರ್‌ಗೆ ಜಿಐಎಸ್ ಅಂತಾರೆ. ಅದರಲ್ಲಿ ಕ್ಯೂಜಿಐಎಸ್ ಪೂರ್ತಿ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು.

1. ಡೌನ್‌ಲೋಡ್ ಆದ ಜಿಪ್ ಫೈಲ್ ಬಿಚ್ಚಿ. ಒಳಗೆ ಒಂದೇ ಹೆಸರಿನ ನಾಲ್ಕೈದು ಫೈಲ್ ಇರುತ್ತವೆ: ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಎಸ್‌ಎಚ್‌ಪಿ ಒಂದನ್ನೇ ಕಳಿಸಿದರೆ ನಕ್ಷೆ ತೆರೆಯಲ್ಲ ಅಥವಾ ಅರ್ಧಂಬರ್ಧ ತೆರೆಯುತ್ತೆ.

2. ಎಸ್‌ಎಚ್‌ಪಿ ಫೈಲನ್ನು ಕ್ಯೂಜಿಐಎಸ್ ಕಿಟಕಿಗೆ ಎಳೆದು ಬಿಡಿ. ಮೊದಲು ಎಲ್ಲವೂ ಒಂದೇ ಬಣ್ಣದಲ್ಲಿ ಕಾಣುತ್ತೆ. ಗಾಬರಿ ಬೇಡ. ಲೇಯರ್ ಪ್ರಾಪರ್ಟೀಸ್‌ಗೆ ಹೋಗಿ, ಸಿಂಬಾಲಜಿಯಲ್ಲಿ ‘ಕೆಟಗರೈಸ್ಡ್’ ಆರಿಸಿ, ಕಲ್ಲಿನ ಹೆಸರಿರುವ ಕಾಲಂ ಕೊಟ್ಟು ‘ಕ್ಲಾಸಿಫೈ’ ಒತ್ತಿ. ಒಂದೊಂದು ಕಲ್ಲಿಗೆ ಒಂದೊಂದು ಬಣ್ಣ ಬರುತ್ತೆ.

3. ಎಡಗಡೆ ಬ್ರೌಸರ್‌ನಲ್ಲಿ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಇರುತ್ತೆ. ಅದನ್ನು ಕೆಳಗಿನ ಲೇಯರ್ ಆಗಿ ಹಾಕಿ. ರಸ್ತೆ, ಊರು, ಕೆರೆ ಕಾಣುತ್ತವೆ. ಮೇಲಿನ ಲೇಯರ್ ಸ್ವಲ್ಪ ತಿಳಿ ಮಾಡಿದರೆ ನಿಮ್ಮೂರು ಯಾವ ಬಣ್ಣದ ಮೇಲಿದೆ ಅಂತ ಗೊತ್ತಾಗುತ್ತೆ.

4. ‘ಐಡೆಂಟಿಫೈ’ ಬಟನ್ ಒತ್ತಿ ಯಾವುದೇ ಜಾಗ ಮುಟ್ಟಿದರೆ ಅಲ್ಲಿನ ಕಲ್ಲಿನ ಹೆಸರು, ಅದು ಸೇರಿದ ಗುಂಪು ತೋರಿಸುತ್ತೆ.

5. ವಿಸ್ತೀರ್ಣ, ದೂರ ಅಳೆಯೋಕೆ ಯುಟಿಎಂ 43 ಉತ್ತರ ವಲಯ (ಇಪಿಎಸ್‌ಜಿ 32643) ಆರಿಸಿ. ಇಡೀ ಚಿತ್ರದುರ್ಗ ಜಿಲ್ಲೆ ಇದೇ ವಲಯದಲ್ಲಿದೆ.

ಕಾಗದದ ಹಳೇ ನಕ್ಷೆ ಸಿಕ್ಕರೆ?

ಗ್ರಂಥಾಲಯದಲ್ಲೋ ಹಳೇ ವರದಿಯಲ್ಲೋ ಸಿಕ್ಕ ಸ್ಕ್ಯಾನ್ ನಕ್ಷೆಗೆ ತಾನು ಭೂಮಿಯ ಮೇಲೆ ಎಲ್ಲಿದೀನಿ ಅಂತ ಗೊತ್ತಿರಲ್ಲ. ನಾವೇ ಹೇಳಿಕೊಡಬೇಕು. ಕ್ಯೂಜಿಐಎಸ್‌ನ ‘ಜಿಯೋರೆಫರೆನ್ಸರ್’ನಲ್ಲಿ ಚಿತ್ರ ತೆರೆದು, ನಾಲ್ಕು ಮೂಲೆಯಲ್ಲಿ ಅಚ್ಚಾದ ಅಕ್ಷಾಂಶ, ರೇಖಾಂಶ ಕೊಡಿ. ಒಳಗಿನ ಗೆರೆಗಳು ಕೂಡುವ ಇನ್ನೊಂದೆರಡು ಜಾಗವನ್ನೂ ಸೇರಿಸಿದರೆ ತಪ್ಪು ಎಲ್ಲಾಗಿದೆ ಅಂತ ಸಿಕ್ಕಿಬೀಳುತ್ತೆ.

ಎಡವೋದು ಇಲ್ಲೇ. ಸರ್ವೇ ಆಫ್ ಇಂಡಿಯಾದ ಹಳೇ ಶೀಟುಗಳು ‘ಎವರೆಸ್ಟ್’ ಅನ್ನೋ ಭೂಮಿಯ ಅಳತೆಯ ಮೇಲೆ ನಿಂತಿವೆ. ನಿಮ್ಮ ಮೊಬೈಲ್ ಜಿಪಿಎಸ್ ಬಳಸೋದು ಡಬ್ಲ್ಯುಜಿಎಸ್ 84. ಎರಡರಲ್ಲೂ ಅಂಕಿ ಒಂದೇ ಇದ್ದರೂ ಜಾಗ ಒಂದೇ ಅಲ್ಲ. ನಮ್ಮ ಭಾಗದಲ್ಲಿ ವ್ಯತ್ಯಾಸ ನೂರರಿಂದ ಇನ್ನೂರು ಮೀಟರ್. ಹಾಗಾಗಿ ಹಳೇ ಶೀಟಿಗೆ ‘ಕಲ್ಯಾಣ್‌ಪುರ 1975’ ಆರಿಸಿ, ಆಮೇಲೆ ಡಬ್ಲ್ಯುಜಿಎಸ್‌ಗೆ ಬದಲಿಸಿ. ಇನ್ನೂ ಹಳೆಯದಾದರೆ ಅಂಚಿನಲ್ಲಿರುವ ಸಣ್ಣಕ್ಷರದ ಟಿಪ್ಪಣಿ ಓದದೆ ಮುಂದುವರಿಯಬೇಡಿ. ಕೆರೆ ಏರಿ, ಹಳ್ಳ ಕೂಡುವ ಜಾಗ ಈಗಿನ ಉಪಗ್ರಹ ಚಿತ್ರಕ್ಕೆ ಹೊಂದುತ್ತಾ ಅಂತ ಕೊನೆಗೆ ನೋಡಲೇಬೇಕು.

ಎಷ್ಟು ನಂಬಬಹುದು?

1:50,000 ನಕ್ಷೆಯಲ್ಲಿ 1 ಮಿಲಿಮೀಟರ್ ಅಂದ್ರೆ ನೆಲದ ಮೇಲೆ 50 ಮೀಟರ್. ಎರಡು ಎಕರೆಯ ಚೌಕ ಹೊಲದ ಬದಿ ಸುಮಾರು 90 ಮೀಟರ್. ಅಂದರೆ ನಿಮ್ಮ ಹೊಲ ಆ ನಕ್ಷೆಯಲ್ಲಿ 2 ಮಿಲಿಮೀಟರೂ ಇಲ್ಲ, ರಾಗಿ ಕಾಳಿನಷ್ಟು. 1:2,50,000 ನಕ್ಷೆಯಲ್ಲಿ ಅದೂ ಇಲ್ಲ, ಪೆನ್ನಿನ ಗೆರೆಯ ದಪ್ಪಕ್ಕೆ ಮುಚ್ಚಿಹೋಗುತ್ತೆ. ಎವರೆಸ್ಟ್ ಲೆಕ್ಕ ತಪ್ಪಿದರೆ ನಿಮ್ಮ ಹೊಲ ಬಿಟ್ಟು ಅದರಾಚೆಯವರ ಹೊಲದ ಕಲ್ಲು ಓದಿರ್ತೀರಿ.

ಕಂಪ್ಯೂಟರ್‌ನಲ್ಲಿ ಎಷ್ಟು ಬೇಕಾದರೂ ಜೂಮ್ ಮಾಡಬಹುದು. ಗೆರೆ ಚೂಪಾಗೇ ಕಾಣುತ್ತೆ. ಆದರೆ ಜೂಮ್ ಮಾಡಿದ ಮಾತ್ರಕ್ಕೆ ಸರ್ವೇ ಹೆಚ್ಚು ವಿವರವಾಗಲ್ಲ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೇ ನಂಬರ್ ಗಡಿ ನೋಡಿ, ಅದನ್ನು ಈ ನಕ್ಷೆ ಮೇಲಿಟ್ಟು ‘ನನ್ನ ಹೊಲದ ಅರ್ಧ ಗ್ರಾನೈಟ್, ಅರ್ಧ ಶಿಸ್ಟ್’ ಅಂತ ತೀರ್ಮಾನ ಮಾಡೋಕೆ ಬರಲ್ಲ. ಹಳ್ಳಿ ಮಟ್ಟಕ್ಕೆ ಇದು ಒಳ್ಳೆ ಆಧಾರ, ಸರ್ವೇ ನಂಬರ್ ಮಟ್ಟಕ್ಕೆ ಬರೀ ಸೂಚನೆ.

ಇನ್ನೊಂದು ವಿಷಯ. ಅಚ್ಚಾದ ನಕ್ಷೆಯಲ್ಲಿ ಕಲ್ಲಿನ ಗಡಿ ಕೆಲವೆಡೆ ಪೂರ್ತಿ ಗೆರೆ, ಕೆಲವೆಡೆ ತುಂಡು ಗೆರೆ. ಪೂರ್ತಿ ಗೆರೆ ಅಂದರೆ ಕಣ್ಣಾರೆ ಕಂಡಿದ್ದು. ತುಂಡು ಗೆರೆ ಮಣ್ಣಿನಡಿ ಹೀಗೆ ಹೋಗಿರಬಹುದು ಅನ್ನೋ ಅಂದಾಜು.

ಬೋರ್‌ವೆಲ್‌ಗೆ ಇದರಿಂದ ಏನು ಉಪಯೋಗ?

ಈ ನಕ್ಷೆ ನೀರಿನ ಪಾಯಿಂಟ್ ತೋರಿಸಲ್ಲ. ನಮ್ಮಂಥ ಗಟ್ಟಿಕಲ್ಲಿನ ಸೀಮೆಯಲ್ಲಿ ನೀರಿರೋದು ಕೊಳೆತ ಕಲ್ಲಿನ ಪದರದಲ್ಲಿ, ಬಿರುಕಿನಲ್ಲಿ. ಅದು ಎಷ್ಟು ಆಳಕ್ಕಿದೆ ಅಂತ ನಕ್ಷೆಯಲ್ಲಿ ಇರಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಯಾವುದು ಅಂತ ಹೇಳಿಕೊಡುತ್ತೆ. ಉದಾಹರಣೆಗೆ ಕರಿಕಲ್ಲಿನ ಸಾಲು, ಅಂದರೆ ಡೈಕ್, ಗೆರೆಯಂತೆ ಗುರುತಾಗಿರುತ್ತೆ. ಅದು ನೆಲದೊಳಗಿನ ನೀರಿಗೆ ಕಟ್ಟೆಯಂತೆ ಅಡ್ಡ ನಿಲ್ಲಬಹುದು. ಆಗ ಒಂದು ಬದಿ ನೀರು ಇದ್ದು ಇನ್ನೊಂದು ಬದಿ ಒಣಗಿರಬಹುದು. ಪಕ್ಕದ ಹೊಲದಲ್ಲಿ ಬಂತು ಅಂತ ನಮ್ಮಲ್ಲಿ ಕೊರೆಸಿ ಫೇಲ್ ಆಗೋದಕ್ಕೆ ಇದೂ ಒಂದು ಕಾರಣ.

ಗ್ರಾನೈಟ್, ನೈಸ್ ಸೀಮೆಯ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇರುತ್ತೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಎಷ್ಟಿದೆ ಅಂತ ನಕ್ಷೆ ಹೇಳಲ್ಲ, ನೀರಿನ ಪರೀಕ್ಷೆಯೇ ಆಗಬೇಕು.

ಮೊದಲು ಇದನ್ನು ಮಾಡಿ

ನಿಮ್ಮೂರಿನ ನೀರುಗಂಟಿಯನ್ನು, ಹಳೇ ರೈತರನ್ನು ಕೇಳಿ ಬೋರ್‌ಗಳ ಪಟ್ಟಿ ಮಾಡಿ. ಎಲ್ಲಿದೆ, ಎಷ್ಟು ಅಡಿ, ಎಷ್ಟು ಇಂಚು ನೀರು, ಯಾವ ಬಣ್ಣದ ಪುಡಿ ಬಂತು, ಯಾವಾಗ ಬತ್ತಿತು. ಫೇಲ್ ಆದವನ್ನು ಬಿಡಬೇಡಿ, ಅವೇ ಮುಖ್ಯ. ಪ್ರತಿ ಬೋರ್ ಹತ್ತಿರ ನಿಂತು ಮೊಬೈಲ್‌ನಲ್ಲಿ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಎಕ್ಸೆಲ್‌ನಲ್ಲಿ ಹಾಕಿ ಸಿಎಸ್‌ವಿ ಆಗಿ ಉಳಿಸಿದರೆ ಕ್ಯೂಜಿಐಎಸ್‌ನ ‘ಡಿಲಿಮಿಟೆಡ್ ಟೆಕ್ಸ್ಟ್’ ಮೂಲಕ ಚುಕ್ಕೆಗಳಾಗಿ ನಕ್ಷೆ ಮೇಲೆ ಬರುತ್ತವೆ. ಐವತ್ತು ಚುಕ್ಕೆ ಸೇರಿದರೆ ಯಾವ ಕಲ್ಲಿನ ಮೇಲೆ, ಡೈಕ್‌ನ ಯಾವ ಬದಿಗೆ ನೀರು ನಿಂತಿದೆ ಅನ್ನೋದರ ಒಂದು ಚಿತ್ರ ಸಿಗುತ್ತೆ.

ಅದನ್ನು ಪ್ರಿಂಟ್ ಮಾಡಿಸಿ ಜಿಲ್ಲಾ ಅಂತರ್ಜಲ ಕಚೇರಿಯ ಭೂವಿಜ್ಞಾನಿಗೆ ತೋರಿಸಿ, ಆಮೇಲೆ ಪಾಯಿಂಟ್ ಹಾಕಿಸಿ. ಒಂದು ಬೋರ್ ಫೇಲ್ ಆದರೆ ಆಗೋ ಸಾಲ ಎಷ್ಟು ಅಂತ ಯಾರಿಗೂ ಹೇಳಬೇಕಿಲ್ಲ. ಅದರ ಮುಂದೆ ಎರಡು ದಿನ ಕಂಪ್ಯೂಟರ್ ಮುಂದೆ ಕೂರೋದು ದೊಡ್ಡದಲ್ಲ.